ಫನ್ ಗ್ಯಾಲರಿ, ನ್ಯೂಯಾರ್ಕ್ (1981–1985)

ಅಮೆರಿಕಾದ ನ್ಯೂಯಾರ್ಕ್ ನಗರದ ಈಸ್ಟ್ ವಿಲೇಜ್ ಬಡಾವಣೆಯಲ್ಲಿ 1981ರಲ್ಲಿ ಪ್ರಾರಂಭವಾದ ಫನ್ ಗ್ಯಾಲರಿಯು, ಬೀದಿಯ ಗೋಡೆಗಳ ಮೇಲೂ ಸುರಂಗ ರೈಲುಗಳ ಮೇಲೂ ಚಿತ್ರ ಬರೆಯುತ್ತಿದ್ದ ಉದಯೋನ್ಮುಖ ಕಲಾವಿದರಿಗೆ ಪ್ರದರ್ಶನಾವಕಾಶ ಕಲ್ಪಿಸಿದ ಖಾಸಗಿ ಚಿತ್ರಶಾಲೆಯಾಗಿದ್ದಿತು. ಪ್ರದರ್ಶನಕ್ಕೆ ಸ್ಥಳಾವಕಾಶ ಕೋರುವ ಯುವ ಕಲಾವಿದರ ಹಾಗೂ ಸ್ವಂತ ಗ್ಯಾಲರಿ ತೆರೆಯಲು ಇಚ್ಛಿಸುವವರ ಮಾಹಿತಿಗಾಗಿ ಅದರ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಚಲನಚಿತ್ರ ನಟಿ ಪ್ಯಾಟಿ ಆಸ್ಟರ್ ಮತ್ತು ಬಿಲ್ ಸ್ಟೆಲಿಂಗ್ ಇದರ ಸಂಸ್ಥಾಪಕರು. ಪೂರ್ವ 11ನೇ ಬೀದಿಯ ಒಂದು ಚಿಕ್ಕ ಮಳಿಗೆಯಲ್ಲಿ ಆರಂಭಗೊಂಡು, ತದನಂತರ ಪೂರ್ವ 10ನೇ ಬೀದಿಗೆ ಸ್ಥಳಾಂತರಗೊಂಡಿತು. ಪ್ರತಿಯೊಬ್ಬ ಕಲಾವಿದನೂ ತನ್ನ ಪ್ರದರ್ಶನದ ಅವಧಿಗೆ ಗ್ಯಾಲರಿಗೆ ಹೊಸ ಹೆಸರಿಡಬೇಕೆಂಬುದು ಮೂಲ ಉದ್ದೇಶವಾಗಿತ್ತು. 'ಫನ್', ಅಂದರೆ ಮೋಜು, ಎಂಬುದು ಕೆನ್ನಿ ಷಾರ್ಫ್ ಇಟ್ಟ ಹೆಸರು. ಅವರ ನಂತರ ಬಂದ ಫ್ಯಾಬ್ 5 ಫ್ರೆಡ್ಡಿ ಅವರು 'ಸೀರಿಯಸ್ ಗ್ಯಾಲರಿ' ಎಂದು ಸೂಚಿಸಿದರಾದರೂ, ಹೊಸ ಲೆಟರ್‌ಹೆಡ್ ಮುದ್ರಿಸಲು ಹಣವಿಲ್ಲದ ಕಾರಣ ಹಳೆಯ ಹೆಸರೇ ಮುಂದುವರಿಯಿತು. ಲೇಖನ ಸಾಮಗ್ರಿಯ ವೆಚ್ಚದಿಂದ ಸಂಸ್ಥೆಯೊಂದರ ಹೆಸರು ಸ್ಥಿರವಾದ ನಿದರ್ಶನಗಳು ವಿರಳ.

ಆ ದಿನಗಳಲ್ಲಿ ರೈಲಿನ ಮೇಲೆ ಚಿತ್ರ ಬರೆಯುವುದು ಶಿಕ್ಷಾರ್ಹ ಅಪರಾಧವಾಗಿದ್ದಿತು. ಮೇಯರ್ ಎಡ್ ಕಾಚ್ ಅವರ ಆಡಳಿತವು 1981ರಲ್ಲಿ ರೈಲು ನಿಲ್ಲಿಸುವ ಅಂಗಳಕ್ಕೆ ಮುಳ್ಳುತಂತಿಯ ಬೇಲಿ ಹಾಕಿಸಿ ಕಾವಲುನಾಯಿಗಳನ್ನು ಬಿಡಿಸಿತ್ತು. ಹೀಗೆ ಬರೆದ ಚಿತ್ರಕ್ಕೆ ಒಡೆತನವಿಲ್ಲ, ಬೆಲೆಯಿಲ್ಲ. ಬೋಗಿ ತೊಳೆದ ದಿನ ಅದರ ಆಯುಷ್ಯವೂ ಮುಗಿಯುತ್ತಿತ್ತು. ಅದೇ ಕೈ ಕ್ಯಾನ್ವಾಸಿನ ಮೇಲೆ ಬರೆದಾಗ ಅದು ಸಹಿ, ಬೆಲೆ ಮತ್ತು ಖರೀದಿದಾರನುಳ್ಳ ಕೃತಿಯಾಗುತ್ತಿತ್ತು. ರೈಲುಬೋಗಿಗಳ ಮೇಲಿನ ಬರಹದಿಂದ ಹೆಸರಾಗಿದ್ದ ಡಾಂಡಿ ವೈಟ್ ಅವರ ಪ್ರಥಮ ಏಕವ್ಯಕ್ತಿ ಪ್ರದರ್ಶನ 1982ರಲ್ಲಿ ಇಲ್ಲಿಯೇ ನಡೆಯಿತು. ಫ್ಯೂಚುರಾ 2000 ಮತ್ತು ಲೀ ಕಿನ್ಯೋನೆಸ್ ಅವರ ಕೃತಿಗಳೂ ಇಲ್ಲಿ ಪ್ರದರ್ಶಿತವಾದವು. ಗೋಡೆಯನ್ನು ಬಿಟ್ಟು ಬಂದ ಚಿತ್ರವನ್ನು ಬೀದಿಕಲೆ ಎನ್ನಬಹುದೇ ಎಂಬ ಆಕ್ಷೇಪಣೆ ಆಗಲೂ ಇತ್ತು, ಈಗಲೂ ಇದೆ. ಆದರೆ ಬಂಧನದ ಭಯವಿಲ್ಲದೆ ತನ್ನ ಹೆಸರಿನಲ್ಲಿಯೇ ಚಿತ್ರವನ್ನು ಜನರ ಮುಂದಿಡಲು ಕಲಾವಿದನಿಗೆ ದೊರೆತ ಅವಕಾಶವನ್ನು ಈ ಆಕ್ಷೇಪಣೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಜೀನ್-ಮಿಷೆಲ್ ಬಾಸ್ಕಿಯಾ ಮತ್ತು ಕೀತ್ ಹೇರಿಂಗ್ ಅವರನ್ನು ಬೆಳಕಿಗೆ ತಂದುದು ಈ ಗ್ಯಾಲರಿಯೇ ಎಂದು ಕೆಲವೆಡೆ ಬರೆಯಲಾಗಿದೆ. ಇದು ಸರಿಯಲ್ಲ. ಬಾಸ್ಕಿಯಾ ಅವರು 1982ರ ನವೆಂಬರ್‌ನಲ್ಲಿ ಇಲ್ಲಿ ಪ್ರದರ್ಶನ ನೀಡುವ ವೇಳೆಗೆ ಅನ್ನಿನಾ ನೋಸೈ ಗ್ಯಾಲರಿಯಲ್ಲಿಯೂ, ಹೇರಿಂಗ್ ಅವರು 1983ರ ಫೆಬ್ರವರಿಯಲ್ಲಿ ಬರುವ ವೇಳೆಗೆ ಟೋನಿ ಶಫ್ರಾಜಿ ಗ್ಯಾಲರಿಯಲ್ಲಿಯೂ ಪ್ರದರ್ಶನ ನೀಡಿಯಾಗಿತ್ತು. ದೊಡ್ಡ ಗ್ಯಾಲರಿಗಳ ಮನ್ನಣೆ ದೊರೆತ ಬಳಿಕವೂ ಅವರಿಬ್ಬರು ತಮ್ಮ ಒಡನಾಡಿಗಳು ಸೇರುತ್ತಿದ್ದ ಈ ಚಿಕ್ಕ ಮಳಿಗೆಗೆ ಬಂದರೆಂಬುದೇ ಗಮನಾರ್ಹ.

ಫನ್ ಗ್ಯಾಲರಿಯ ಯಶಸ್ಸಿನಿಂದ ಪ್ರೇರಿತವಾಗಿ ಅದೇ ಬಡಾವಣೆಯಲ್ಲಿ ಕೆಲವೇ ವರ್ಷಗಳಲ್ಲಿ ಹತ್ತಾರು ಗ್ಯಾಲರಿಗಳು ತಲೆಯೆತ್ತಿದವು. ಬಾಡಿಗೆ ಏರಿತು. ಹೆಸರು ಪಡೆದ ಕಲಾವಿದರು ಹೆಚ್ಚಿನ ಬಂಡವಾಳವುಳ್ಳ ಮಾರಾಟಗಾರರ ಕಡೆಗೆ ಸಾಗಿದರು. ಹೊಸಬರನ್ನು ಪರಿಚಯಿಸುವ ವೆಚ್ಚವನ್ನು ಈ ಗ್ಯಾಲರಿ ಭರಿಸಿತು. ಲಾಭ ಬರುವ ಹಂತದಲ್ಲಿ ಅವರನ್ನು ಉಳಿಸಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. 1985ರಲ್ಲಿ ಅದು ಮುಚ್ಚಿತು.

ನ್ಯೂಯಾರ್ಕಿನ ರೈಲುಗಳ ಮೇಲಿನ ಬರಹವೂ 1989ರ ಮೇ ತಿಂಗಳಲ್ಲಿ ಕೊನೆಗೊಂಡಿತು; ಬರಹವಿದ್ದ ಬೋಗಿಗಳನ್ನೆಲ್ಲ ಅಷ್ಟರೊಳಗೆ ಸಂಚಾರದಿಂದ ಹಿಂತೆಗೆಯಲಾಗಿತ್ತು. 2011ರಲ್ಲಿ ಲಾಸ್ ಏಂಜಲೀಸ್‌ನ ಸಮಕಾಲೀನ ಕಲಾ ವಸ್ತುಸಂಗ್ರಹಾಲಯವು ಬೀದಿಕಲೆಯ ಕುರಿತು ಏರ್ಪಡಿಸಿದ ಪ್ರದರ್ಶನದಲ್ಲಿ ಫನ್ ಗ್ಯಾಲರಿಗಾಗಿ ಪ್ರತ್ಯೇಕ ವಿಭಾಗವನ್ನು ಮೀಸಲಿಡಲಾಗಿತ್ತು. ಪ್ಯಾಟಿ ಆಸ್ಟರ್ 2024ರಲ್ಲಿ ನಿಧನರಾದರು.