ಹತ್ತು ನಿಮಿಷ ಕೂರೋಕೆ ಒಂದು ಜಾಗ

"ಡಾಕ್ಟ್ರೇ, ಮಗು ನಾಲ್ಕು ದಿನದಿಂದ ಕಕ್ಕ ಮಾಡಿಲ್ಲ" ಅಂತ ಹೋದ ಅಪ್ಪ-ಅಮ್ಮಂದಿರಿಗೆ ಸಿಗೋ ಚೀಟಿ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ತಿಂಡಿ ಆದ ಮೇಲೆ, ಊಟ ಆದ ಮೇಲೆ ಐದು-ಹತ್ತು ನಿಮಿಷ ಟಾಯ್ಲೆಟ್ಟಿನಲ್ಲಿ ಕೂರಿಸಿ. ಕಮೋಡ್ ಆದರೆ ಕಾಲಡಿ ಒಂದು ಸ್ಟೂಲ್ ಇಡಿ. ಅವಸರ ಮಾಡಬೇಡಿ, ಬೈಬೇಡಿ. ನೀರು, ಹಣ್ಣು, ಸೊಪ್ಪು, ಬೇಳೆ ಜಾಸ್ತಿ, ಹಾಲು ಕಡಿಮೆ. ಜೊತೆಗೆ ಮಲ ಮೆತ್ತಗೆ ಮಾಡೋ ಔಷಧಿ. ಅದೂ ಒಂದೆರಡು ದಿನಕ್ಕಲ್ಲ, ತಿಂಗಳುಗಟ್ಟಲೆ.

ಸರಳವಾದ ಚೀಟಿ. ಆದರೆ ಇನ್ನೊಂದು ಸಲ ಓದಿ ನೋಡಿ. ಇದರಲ್ಲಿ ಔಷಧಿ ಬಿಟ್ಟರೆ ಉಳಿದದ್ದೆಲ್ಲ ಮನೆ. ಬಾಗಿಲು ಇರೋ ಒಂದು ಟಾಯ್ಲೆಟ್, ಹೊರಗೆ ಯಾರೂ ಬಡಿಯದ ಹತ್ತು ನಿಮಿಷ, ದಿನಾ ಒಂದೇ ಹೊತ್ತಿಗೆ ಸಿಗೋ ಊಟ, ನೀರು, ತಾಳ್ಮೆ ಉಳಿದಿರೋ ಒಬ್ಬ ದೊಡ್ಡವರು. ಇವಿಷ್ಟೂ ನಿಮ್ಮ ಹತ್ತಿರ ಇವೆ ಅಂತ ಅಂದುಕೊಂಡೇ ಚೀಟಿ ಬರೆಯೋದು. ನಮ್ಮ ನಗರಗಳ ನೂರಿಪ್ಪತ್ತು ವರ್ಷಗಳ ಇತಿಹಾಸವನ್ನು ಈ ಚೀಟಿ ಹಿಡಿದುಕೊಂಡು ಓದಿದರೆ ಹೇಗಿರುತ್ತೆ ಅನ್ನೋದೇ ಈ ಬರಹ.

ಮೊದಲು ಹೊಟ್ಟೆಯ ವಿಷಯ. ಮಕ್ಕಳ ಮಲಬದ್ಧತೆಯಲ್ಲಿ ಬಹುಪಾಲು ಶುರುವಾಗೋದು ದೊಡ್ಡ ರೋಗದಿಂದ ಅಲ್ಲ, ಭಯದಿಂದ. ಒಂದು ಸಲ ಗಟ್ಟಿಯಾಗಿ ಹೋಗಿ ನೋವಾಗುತ್ತೆ. ಮುಂದಿನ ಸಲ ಮಗು ತಡೆದುಕೊಳ್ಳುತ್ತೆ. ತಡೆದಷ್ಟೂ ದೊಡ್ಡ ಕರುಳು ನೀರು ಹೀರುತ್ತಲೇ ಇರುತ್ತೆ, ಮಲ ಇನ್ನೂ ಗಟ್ಟಿಯಾಗುತ್ತೆ, ನೋವು ಇನ್ನೂ ಹೆಚ್ಚಾಗುತ್ತೆ. ಕಾಲು ಅಡ್ಡಹಾಕಿಕೊಂಡು, ತುದಿಗಾಲಲ್ಲಿ ನಿಂತು, ಮೂಲೆ ಸೇರಿ ಮುಖ ಕೆಂಪು ಮಾಡಿಕೊಳ್ಳೋ ಮಗುವನ್ನು ನೋಡಿ ಮನೆಯವರು "ಪಾಪ, ಮುಕ್ಕುತ್ತಾ ಇದೆ" ಅಂದುಕೊಳ್ತಾರೆ. ಅದು ಹೊರಗೆ ಬಿಡದ ಹಾಗೆ ಹಿಡಿದುಕೊಳ್ತಾ ಇರುತ್ತೆ. ತಿಂಗಳುಗಳು ಹೀಗೇ ಹೋದರೆ ಗುದನಾಳ ಹಿಗ್ಗಿ, ತುಂಬಿದೆ ಅನ್ನೋ ಸೂಚನೆಯೇ ಸರಿಯಾಗಿ ಬರಲ್ಲ. ಕೊನೆಗೆ ಗಟ್ಟಿ ಮಲದ ಸುತ್ತಲಿಂದ ತೆಳ್ಳಗಿರೋದು ಜಿನುಗಿ ಚಡ್ಡಿ ಕೊಳಕಾಗುತ್ತೆ. ಮನೆಯಲ್ಲಿ ಭೇದಿ ಅಂತಾರೆ, ಶಾಲೆಯಲ್ಲಿ ಸೋಮಾರಿತನ ಅಂತಾರೆ. ಮಗುವಿಗೆ ಗೊತ್ತೇ ಆಗಿರಲ್ಲ.

ಅಜ್ಜಿಯರ ಕಾಲದಲ್ಲಿ ಇದಕ್ಕೆ ಮದ್ದು ಹರಳೆಣ್ಣೆ. ಮೂಗು ಹಿಡಿದು ಬಾಯಿಗೆ ಹುಯ್ಯೋದು, ಮಗು ಇಡೀ ದಿನ ಹಿತ್ತಲಿಗೆ ಓಡಾಡೋದು. ಆ ದಿನಕ್ಕೆ ಹೊಟ್ಟೆ ಖಾಲಿ ಆಗ್ತಿತ್ತೇ ಹೊರತು ಭಯ ಖಾಲಿ ಆಗ್ತಿರಲಿಲ್ಲ. ಈಗಿನ ವೈದ್ಯರು ಹಿಡಿದಿರೋ ದಾರಿ ಬೇರೆ: ಕಟ್ಟಿರೋದನ್ನು ಮೊದಲು ತೆಗೆಯೋದು, ಆಮೇಲೆ ಬಹಳ ದಿನ ನೋವೇ ಆಗದ ಹಾಗೆ ನೋಡಿಕೊಳ್ಳೋದು. ಊಟವಾದ ಕೂಡಲೇ ಕರುಳು ತಾನಾಗೇ ಚುರುಕಾಗುತ್ತೆ, ಆ ಹೊತ್ತಿಗೆ ಕೂರಿಸಿ ಅಭ್ಯಾಸ ಕಟ್ಟೋದು. (ಹುಟ್ಟಿದಾಗಿನಿಂದಲೇ ತೊಂದರೆ ಇದ್ದರೆ, ಹೊಟ್ಟೆ ಉಬ್ಬಿ ವಾಂತಿ ಆಗ್ತಿದ್ದರೆ, ಮಲದಲ್ಲಿ ರಕ್ತ ಇದ್ದರೆ, ತೂಕ ಇಳೀತಿದ್ದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.) ಈ ತೊಂದರೆ ಸಾಮಾನ್ಯವಾಗಿ ತಲೆ ಎತ್ತೋದು ಮಗುವಿನ ದಿನಚರಿ ಬದಲಾದಾಗ: ತಾಯಿ ಹಾಲು ಬಿಡಿಸಿದಾಗ, ಟಾಯ್ಲೆಟ್ ಕಲಿಸುವಾಗ, ಶಾಲೆಗೆ ಸೇರಿಸಿದಾಗ, ಮನೆ ಬದಲಾಯಿಸಿದಾಗ.

ಈ ಕೊನೆಯದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮನೆ ಬದಲಾಯಿಸೋದು ಒಂದು, ಮನೆ ಮೇಲೆ ಜೆಸಿಬಿ ಬರೋದು ಇನ್ನೊಂದು.

ಬೆಂಗಳೂರಿನಿಂದಲೇ ಶುರು ಮಾಡೋಣ. 1898ರ ಆಗಸ್ಟ್‌ನಲ್ಲಿ ಪ್ಲೇಗು ಇಲ್ಲಿಗೆ ಬಂತು. ಪೇಟೆಯ ಇಕ್ಕಟ್ಟಿನ ಓಣಿಗಳಿಂದ ಜನ ಹೊರಗೆ ಓಡಿದರು. ಆಗಷ್ಟೇ ರೂಪುಗೊಳ್ಳುತ್ತಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬತೊಡಗಿದ್ದು ಆಮೇಲೆ. ಅಗಲ ರಸ್ತೆ, ಗಾಳಿ-ಬೆಳಕು, ಎರಡು ಸಾಲು ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ. ಈ ಹಿಂದಿನ ಗಲ್ಲಿಗೆ ಕನ್ಸರ್ವೆನ್ಸಿ ಲೇನ್ ಅಂತ ಹೆಸರು. ಮಲ್ಲೇಶ್ವರದಲ್ಲಿ ಇವತ್ತಿಗೂ ನಡೆದು ನೋಡಬಹುದು. ಅದು ಇದ್ದದ್ದು ಯಾಕೆ ಅಂದ್ರೆ, ಮನೆಯ ಹಿಂದಿನ ಕಕ್ಕಸಿನಿಂದ ಮಲ ತೆಗೆದುಕೊಂಡು ಹೋಗೋರು ಮುಂಬಾಗಿಲಿನ ಕಡೆ ಕಾಣಿಸಿಕೊಳ್ಳಬಾರದಿತ್ತು. ಅಂದರೆ ಆ ಬಡಾವಣೆಯ ಮಗುವಿಗೆ ಬಾಗಿಲಿರೋ ಕಕ್ಕಸು ಸಿಕ್ಕಿತು, ಇನ್ನೊಂದು ಜಾತಿಯ ಮಗುವಿನ ಅಪ್ಪ-ಅಮ್ಮ ಅದನ್ನು ಹೊತ್ತರು. ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರೋ ಪದ್ಧತಿಯನ್ನು ನಿಷೇಧಿಸಿದ್ದು 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. ಪ್ಲೇಗಿನಿಂದ ಅಲ್ಲಿಗೆ ಎಪ್ಪತ್ತಕ್ಕೂ ಹೆಚ್ಚು ವರ್ಷ.

ಬೊಂಬಾಯಿಗೆ ಪ್ಲೇಗು ಎರಡು ವರ್ಷ ಮೊದಲೇ, 1896ರಲ್ಲಿ ಬಂದಿತ್ತು. 1898ರಲ್ಲಿ ಅಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಕೊಳಕು ಚಾಳುಗಳನ್ನು ಕೆಡವಿ ಊರನ್ನು ಚೊಕ್ಕಟ ಮಾಡೋದು ಅದರ ಕೆಲಸ. ಕೆಡವಿದ್ದು ಬೇಗ ಆಯಿತು, ಬಡವರಿಗೆ ಕಟ್ಟಿಕೊಡೋದು ನಿಧಾನವಾಯಿತು. ಎತ್ತಂಗಡಿಯಾದವರು ಪಕ್ಕದ ಓಣಿಯಲ್ಲೇ ಇನ್ನಷ್ಟು ಒತ್ತಿಕೊಂಡು ಕೂತರು. ಕೊಳಕು ಇದೆ, ಅದಕ್ಕೇ ಕೆಡವುತ್ತೇವೆ. ಕೆಡವಿದ್ದರಿಂದ ಇನ್ನೊಂದು ಕಡೆ ಕೊಳಕು ಹೆಚ್ಚುತ್ತೆ. ಮುಂದಿನ ನೂರು ವರ್ಷ ನಮ್ಮ ನಗರಗಳು ಈ ಸುತ್ತಿನಲ್ಲೇ ತಿರುಗಿದವು. ಮಗುವಿನ ಹೊಟ್ಟೆಯ ವಿಷಯದಲ್ಲಿ ನೋಡಿದ ವಿಷಚಕ್ರದ ಹಾಗೇ ಇದು.

ಸ್ವಾತಂತ್ರ್ಯದ ನಂತರ ಕಾನೂನುಗಳು ಬಂದವು. 1956ರಲ್ಲಿ ಕೇಂದ್ರದ ಕೊಳಗೇರಿ ಕಾಯ್ದೆ, 1973ರಲ್ಲಿ ಕರ್ನಾಟಕದ್ದು. ನಮ್ಮ ಕಾಯ್ದೆಯ ಹೆಸರಲ್ಲೇ 'ಅಭಿವೃದ್ಧಿ' ಮತ್ತು 'ನಿರ್ಮೂಲನೆ' ಎರಡೂ ಅಕ್ಕಪಕ್ಕ ಕೂತಿವೆ. ಸೌಕರ್ಯ ಬೇಕು ಅಂದ್ರೆ ಮೊದಲು ಆ ಜಾಗ ಕೊಳಗೇರಿ ಅಂತ ಘೋಷಣೆ ಆಗಬೇಕು. ಘೋಷಣೆ ಆಗದ ಕಡೆ ಶೌಚಾಲಯ ಕಟ್ಟಿದರೆ "ನೀವು ಇಲ್ಲೇ ಇರಿ" ಅಂತ ಒಪ್ಪಿಕೊಂಡ ಹಾಗೆ ಅನ್ನೋ ಅಂಜಿಕೆ ಅಧಿಕಾರಿಗಳಿಗೆ. ಹಾಗಾಗಿ ರೇಷನ್ ಕಾರ್ಡು, ವೋಟು ಬಂದ ಎಷ್ಟೋ ಕಡೆ ಕಕ್ಕಸು ಬರಲಿಲ್ಲ.

1981ರ ಜುಲೈನಲ್ಲಿ, ಮಳೆಗಾಲದ ನಡುವೆ, ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ಬೊಂಬಾಯಿಯ ಫುಟ್‌ಪಾತ್ ವಾಸಿಗಳನ್ನು ಎಬ್ಬಿಸಿ ಅವರವರ ಊರಿಗೆ ಕಳಿಸಲು ಆದೇಶ ಕೊಟ್ಟರು. ಪತ್ರಕರ್ತೆ ಓಲ್ಗಾ ಟೆಲಿಸ್, ನಾಗರಿಕ ಹಕ್ಕುಗಳ ಸಂಘಟನೆಯವರು, ಫುಟ್‌ಪಾತಿನವರೇ ಕೆಲವರು ಕೋರ್ಟಿಗೆ ಹೋದರು. ನಾಲ್ಕು ವರ್ಷದ ನಂತರ, 1985ರ ಜುಲೈ 10ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಬರೆದ ಆ ತೀರ್ಪು ಕಾನೂನು ವಿದ್ಯಾರ್ಥಿಗಳಿಗೆಲ್ಲ ಗೊತ್ತು: ಬದುಕುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ ಅಂತ ಅದು ಹೇಳಿತು. ಆದರೆ ಫುಟ್‌ಪಾತಿನಲ್ಲಿ ಇರೋ ಹಕ್ಕು ಯಾರಿಗೂ ಇಲ್ಲ, ನೋಟಿಸು ಕೊಟ್ಟು ಎಬ್ಬಿಸಬಹುದು ಅಂತಲೂ ಹೇಳಿತು. ಅಕ್ಟೋಬರ್ 31ರ ತನಕ, ಮಳೆ ನಿಲ್ಲೋವರೆಗೆ, ಬಿಡುವು ಕೊಟ್ಟಿತು.

ಆ ತೀರ್ಪಿನಲ್ಲಿ ಒಂದು ವಿಷಯ ನನ್ನನ್ನು ಕಾಡುತ್ತೆ. ಶೌಚಕ್ಕೆ ಜಾಗವಿಲ್ಲದೆ, ಉಣ್ಣೋ ಮಲಗೋ ಕಡೆಯೇ ಎಲ್ಲವೂ ನಡೆಯೋ ಬದುಕನ್ನು ಅದರ ಶುರುವಿನಲ್ಲೇ ವರ್ಣಿಸಲಾಗಿದೆ. ಕೋರ್ಟಿಗೆ ಅದು ಕಾಣಿಸಿತ್ತು. ಆದರೆ ಅದು ಮರುಕದ ಚಿತ್ರವಾಗಿ ಉಳಿಯಿತು, ಹಕ್ಕಿನ ಲೆಕ್ಕಕ್ಕೆ ಬರಲಿಲ್ಲ. ಲೆಕ್ಕಕ್ಕೆ ಬಂದದ್ದು ದೊಡ್ಡವರ ದುಡಿಮೆ. ಮಗುವಿನ ಹತ್ತು ನಿಮಿಷ ಯಾರ ವಾದದಲ್ಲೂ ಇರಲಿಲ್ಲ.

ಅದನ್ನು ಲೆಕ್ಕಕ್ಕೆ ತಂದವರು ಫುಟ್‌ಪಾತಿನ ಹೆಂಗಸರೇ. ತೀರ್ಪು ಬಂದ ವರ್ಷವೇ ಸ್ಪಾರ್ಕ್ ಅನ್ನೋ ಸಂಸ್ಥೆ ಬೈಕುಲಾ ಸುತ್ತಮುತ್ತಲಿನ ಫುಟ್‌ಪಾತ್ ವಾಸಿಗಳ ಗಣತಿ ಮಾಡಿತು. ಅಲ್ಲಿನ ಹೆಂಗಸರು 'ಮಹಿಳಾ ಮಿಲನ್' ಅಂತ ಒಗ್ಗೂಡಿದರು. ಸುಮಾರು 1999ರಿಂದ 2001ರ ನಡುವೆ ಪುಣೆ ಪಾಲಿಕೆ ಕೊಳಗೇರಿಗಳಲ್ಲಿ ಸಮುದಾಯ ಶೌಚಾಲಯ ಕಟ್ಟಿಸಿದಾಗ, ಈ ಗುಂಪುಗಳು ನೂರಕ್ಕೂ ಹೆಚ್ಚು ಶೌಚಾಲಯಗಳ ಕೆಲಸ ವಹಿಸಿಕೊಂಡವು. ನಕ್ಷೆ ಮಾಡುವಾಗ ಅವರು ಇಂಜಿನಿಯರುಗಳು ಕೇಳದ ಪ್ರಶ್ನೆ ಕೇಳಿದರು: ಮಕ್ಕಳು ಯಾಕೆ ಒಳಗೆ ಹೋಗಲ್ಲ?

ಉತ್ತರ ಅವರಿಗೆ ಗೊತ್ತಿತ್ತು. ಬೆಳಗಿನ ಕ್ಯೂನಲ್ಲಿ ಕೆಲಸಕ್ಕೆ ಹೊರಟ ದೊಡ್ಡವರು ಮಕ್ಕಳನ್ನು ಹಿಂದಕ್ಕೆ ತಳ್ಳುತ್ತಾರೆ. ಒಳಗೆ ಕತ್ತಲು, ನಾತ. ದೊಡ್ಡವರ ಅಳತೆಯ ಗುಂಡಿ. ಬಿದ್ದುಬಿಡ್ತೀನಿ ಅನ್ನೋ ಹೆದರಿಕೆ. ಹಾಗಾಗಿ ಚಿಕ್ಕವು ಚರಂಡಿ ಪಕ್ಕ ಕೂರುತ್ತವೆ, ನಾಚಿಕೆ ಬಂದ ವಯಸ್ಸಿನವು ತಡೆದುಕೊಳ್ಳುತ್ತವೆ. ಅದಕ್ಕೆ ಅವರು ಮಕ್ಕಳಿಗೇ ಬೇರೆ ಸಾಲು ಮಾಡಿಸಿದರು: ಸಣ್ಣ ಅಳತೆಯ ಪ್ಲೇಟು, ಹಿಡಿದುಕೊಳ್ಳೋಕೆ ಹಿಡಿ, ಹೆದರಿಸೋ ಗುಂಡಿ ಇಲ್ಲ. ಮಕ್ಕಳ ಡಾಕ್ಟರ ಚೀಟಿಯಲ್ಲಿದ್ದದ್ದೆಲ್ಲ ಇಲ್ಲಿ ಸಿಮೆಂಟಿನಲ್ಲಿದೆ! ಕಾಲಿಗೆ ಆಧಾರ, ಭಯವಿಲ್ಲದ ಜಾಗ, ಯಾರೂ ತಳ್ಳದ ಹತ್ತು ನಿಮಿಷ. 2001ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದ ಲಾಬಿಯಲ್ಲಿ ಇಂಥ ಮಕ್ಕಳ ಶೌಚಾಲಯದ ಮಾದರಿಯನ್ನು ನಿಲ್ಲಿಸಿದಾಗ ಆಗಿನ ಮಹಾ ಕಾರ್ಯದರ್ಶಿ ಕೋಫಿ ಅನ್ನಾನ್ ಬಂದು ನೋಡಿದ್ದರು.

ಅದೇ ವರ್ಷಗಳಲ್ಲಿ ಗಾಳಿ ಇನ್ನೊಂದು ದಿಕ್ಕಿಗೂ ಬೀಸುತ್ತಿತ್ತು. 1995ರ ಜನವರಿ 30ರ ಬೆಳಿಗ್ಗೆ ದೆಹಲಿಯ ಅಶೋಕ್ ವಿಹಾರದ ಪಾರ್ಕಿಗೆ ಶೌಚಕ್ಕೆ ಹೋದ ಯುವಕನೊಬ್ಬನನ್ನು ಅಲ್ಲಿನ ಕೆಲವು ಮನೆಯವರು ಮತ್ತು ಇಬ್ಬರು ಪೇದೆಗಳು ಸೇರಿ ಹೊಡೆದು ಕೊಂದರು. ಪ್ರತಿಭಟಿಸಿದ ಪಕ್ಕದ ಕೊಳಗೇರಿಯವರ ಮೇಲೆ ಪೊಲೀಸರು ಗುಂಡು ಹಾರಿಸಿ ಇನ್ನೂ ನಾಲ್ವರು ಸತ್ತರು. ಪಾರ್ಕು ಒಬ್ಬರಿಗೆ ವಾಕಿಂಗ್ ಜಾಗ, ಇನ್ನೊಬ್ಬರಿಗೆ ಉಳಿದಿದ್ದ ಒಂದೇ ಬಯಲು. 2000ದಲ್ಲಿ ಇನ್ನೊಂದು ತಿರುವು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ನಗರಗಳ ಕಸ ವಿಲೇವಾರಿ ಸರಿ ಮಾಡಿಸಿ ಅಂತ ಹಾಕಿದ್ದ ಅರ್ಜಿಯಲ್ಲಿ, ಸುಪ್ರೀಂ ಕೋರ್ಟ್ ಮಾತನ್ನು ಕೊಳಗೇರಿಗಳ ಕಡೆ ತಿರುಗಿಸಿ, ಸರ್ಕಾರಿ ಜಾಗ ಒತ್ತುವರಿ ಮಾಡಿದವರಿಗೆ ಬದಲಿ ಸೈಟು ಕೊಡೋದು ಜೇಬುಗಳ್ಳನಿಗೆ ಬಹುಮಾನ ಕೊಟ್ಟ ಹಾಗೆ ಅಂತ ಹೇಳಿತು. ಕಸದ ಕೇಸು, ಮಾತು ಮನುಷ್ಯರ ಬಗ್ಗೆ. ದೆಹಲಿ ಹೈಕೋರ್ಟ್ 2010ರಲ್ಲಿ, ಮತ್ತೆ 2019ರಲ್ಲಿ, ಮೊದಲು ಸರ್ವೆ ಮಾಡಿ, ಪುನರ್ವಸತಿಯ ಬಗ್ಗೆ ಜನರ ಜೊತೆ ಮಾತಾಡಿ, ಆಮೇಲೆ ಮಿಕ್ಕಿದ್ದು ಅಂತ ಹೇಳಿದ್ದು ಈ ಧಾಟಿಗೆ ಸ್ವಲ್ಪ ಕಡಿವಾಣ.

ಬೆಂಗಳೂರಿಗೆ ವಾಪಸ್ ಬರೋಣ. ಈಜಿಪುರದಲ್ಲಿ ಪಾಲಿಕೆ ಬಡವರಿಗಾಗಿ ಕಟ್ಟಿದ್ದ 42 ಬ್ಲಾಕುಗಳ ವಸತಿ ಇತ್ತು. ಕಟ್ಟಡಗಳು ಹೆಚ್ಚು ಕಾಲ ನಿಲ್ಲಲಿಲ್ಲ, ಕೆಲವು ಕುಸಿದವು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಿಗೆ ಬಂದರು. 2013ರ ಜನವರಿಯಲ್ಲಿ, ಚಳಿಯಲ್ಲಿ, ಮೂರ್ನಾಲ್ಕು ದಿನದೊಳಗೆ ಆ ಶೆಡ್ಡುಗಳನ್ನೂ ಕೆಡವಲಾಯಿತು. ಸುಮಾರು 5,000 ಜನ ಬೀದಿಗೆ ಬಂದರು. ಎಷ್ಟೋ ಕುಟುಂಬ ತಿಂಗಳುಗಟ್ಟಲೆ ಎದುರಿನ ಫುಟ್‌ಪಾತಿನಲ್ಲೇ ಉಳಿದವು. ಕೊಡ್ತೀವಿ ಅಂದ ಬದಲಿ ಜಾಗ ದೂರದ ಸೂಲಿಕುಂಟೆಯಲ್ಲಿ. ಕೆಲಸ, ಶಾಲೆ ಎಲ್ಲ ಕೋರಮಂಗಲದ ಸುತ್ತ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿ ಕರಿಯಮ್ಮನ ಅಗ್ರಹಾರದಲ್ಲಿ 'ಬಾಂಗ್ಲಾದವರು' ಅಂತ ಹೇಳಿ ಶೆಡ್ಡುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದಿಂದ ಬಂದ ಕೂಲಿಯವರೂ ಇದ್ದರು. ಎರಡೂ ಜಾಗ ನಿಮ್ಮಲ್ಲಿ ಅನೇಕರ ಆಫೀಸಿನ ದಾರಿ.

ಇಂಥ ದಿನಗಳಲ್ಲಿ ಯಾರೂ ಮಗುವಿನ ಹೊಟ್ಟೆ ಕೇಳಲ್ಲ. ಕೇಳೋಕೆ ಪುರುಸೊತ್ತಾದರೂ ಎಲ್ಲಿ? ತಾಯಿಗೆ ದಾಖಲೆ ಪತ್ರ ಹುಡುಕೋ ಚಿಂತೆ. ನೀರು ಕೊಂಡು ತರಬೇಕು, ಹಾಗಾಗಿ ಎಲ್ಲರೂ ಕಡಿಮೆ ಕುಡೀತಾರೆ. ಹೊರಗೆ ಕೂರಬೇಕು ಅಂತ ಆರೇಳು ವರ್ಷದ ಹುಡುಗಿ ಕತ್ತಲಾಗೋವರೆಗೂ ತಡೀತಾಳೆ. ಊಟ ಅಂದ್ರೆ ಯಾರೋ ತಂದುಕೊಟ್ಟ ಬಿಳಿ ಅನ್ನ, ಬನ್ನು, ಬಿಸ್ಕತ್ತು. ಎರಡು ವಾರ ಸಾಕು, ನೋವಿನ ಚಕ್ರ ಶುರುವಾಗೋಕೆ. ಮನೆ ಹೋದ ಸುದ್ದಿ ಪೇಪರಿನಲ್ಲಿ ಮೂರು ದಿನ ಇರುತ್ತೆ, ಹೊಟ್ಟೆಯಲ್ಲಿ ಮೂರು ವರ್ಷ ಇರಬಹುದು.

ಈ ಮಗುವಿಗೆ ಏನೂ ಮಾಡೋಕಾಗಲ್ಲ ಅಂತಲ್ಲ. ಔಷಧಿ ಕೆಲಸ ಮಾಡುತ್ತೆ, ಫುಟ್‌ಪಾತಿನ ಮಗುವಿಗೂ ಮಾಡುತ್ತೆ. ಮಲ ಮೆತ್ತಗಾದರೆ ಅರ್ಧ ಭಯ ಹೋಗುತ್ತೆ. ಆದ್ದರಿಂದ "ಹಣ್ಣು-ಸೊಪ್ಪು ತಿನ್ನಿಸಿ" ಅಂತ ಹೇಳಿ ಕಳಿಸಿಬಿಡೋದು ಅಲ್ಲಿ ಸಲಹೆಯೇ ಅಲ್ಲ. ಡಾಕ್ಟರು ಹೇಳಿದಷ್ಟು ದಿನ ಔಷಧಿ ನಿಲ್ಲಿಸದೆ ಕೊಡಬೇಕು; ಎರಡು ದಿನ ಸರಿಹೋಯ್ತು ಅಂತ ಬಿಟ್ಟರೆ ಮತ್ತೆ ಮೊದಲಿನಿಂದ. ಹಗಲಲ್ಲಿ ಒಂದು ಹೊತ್ತು, ಅಂಗನವಾಡಿಯಲ್ಲೋ ಶಾಲೆಯಲ್ಲೋ, ಊಟವಾದ ಮೇಲೆ ಚೊಕ್ಕಟವಾದ, ಚಿಲಕ ಇರೋ ಒಂದು ಕಡೆ ಕೂರೋಕೆ ಬಿಟ್ಟರೂ ಅಭ್ಯಾಸ ಕಟ್ಟಬಹುದು. ಚಡ್ಡಿ ಕೊಳಕಾದ ಮಗುವನ್ನು ಕ್ಲಾಸಿನ ಮುಂದೆ ನಿಲ್ಲಿಸದೇ ಇರೋಕೆ ಟೀಚರಿಗೆ ಈ ಕಾಯಿಲೆ ಹೀಗೂ ಇರುತ್ತೆ ಅಂತ ಗೊತ್ತಿದ್ದರೆ ಸಾಕು.

ಇನ್ನು ನಮ್ಮ ಮನೆಗಳ ಕಡೆ. ಮನೆಕೆಲಸದವರು ಎರಡು ಟಾಯ್ಲೆಟ್ ತೊಳೆದು, ಎರಡನ್ನೂ ಬಳಸದೆ ಸಂಜೆ ಮನೆಗೆ ಹೋಗುವ ಅಪಾರ್ಟ್‌ಮೆಂಟುಗಳು ಈ ಊರಿನಲ್ಲಿ ಕಡಿಮೆಯೇನಿಲ್ಲ. ರಜೆಯ ದಿನ ಜೊತೆಗೆ ಬಂದ ಅವರ ಮಗು ಬಾಲ್ಕನಿಯ ಮೂಲೆಯಲ್ಲಿ ಕಾಲು ಅಡ್ಡಹಾಕಿಕೊಂಡು ನಿಂತಿರುತ್ತೆ. ಮಲ್ಲೇಶ್ವರದ ಹಿಂದಿನ ಗಲ್ಲಿ ಮುಚ್ಚಿ ಎಷ್ಟೋ ಕಾಲವಾಯಿತು ಅಂದುಕೊಂಡಿದ್ದೇವೆ. ಅದು ಸರ್ವಿಸ್ ಲಿಫ್ಟ್ ಹತ್ತಿ ಹದಿನಾಲ್ಕನೇ ಮಹಡಿಗೆ ಬಂದಿದೆ. ಆ ಮಗುವಿಗೆ ನೀವು ಪುನರ್ವಸತಿ ಕೊಡಿಸಬೇಕಿಲ್ಲ, ಕೋರ್ಟಿಗೆ ಹೋಗಬೇಕಿಲ್ಲ. "ಬಾತ್ರೂಮ್ ಅಲ್ಲಿದೆ, ಹೋಗು ಪುಟ್ಟಾ, ನಿಧಾನಕ್ಕೆ ಬಾ" ಅಂದರೆ ಆಯಿತು. ಉಳಿದದ್ದಕ್ಕೆ, ಅಂದರೆ ಯಾವ ಬಡಾವಣೆಯ ಎತ್ತಂಗಡಿ ನೋಟಿಸಿನಲ್ಲೂ 'ಹೊಸ ಜಾಗದಲ್ಲಿ ಮೊದಲ ದಿನವೇ ಶೌಚಾಲಯ ಇದೆಯಾ' ಅಂತ ಕೇಳೋದಕ್ಕೆ, ಈ ಊರಿಗೆ ಇನ್ನೂ ಬಹಳ ಜನ ಬೇಕು.