ಓವನ್ನಿನ ತಾಪ, ಬೆಳಕಿನ ದಾರಿಯ ತಾಪ: ಆವೃತ್ತಿ ದ್ವಿಗುಣನ ಸ್ಫಟಿಕಗಳಲ್ಲಿ ಉಷ್ಣ ನಿರ್ವಹಣೆ

1961ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕನ್ ಮತ್ತು ಸಂಗಡಿಗರು ಮಾಣಿಕ್ಯ ಲೇಸರಿನ 694 ನ್ಯಾನೊಮೀಟರ್ ಬೆಳಕನ್ನು ಕ್ವಾರ್ಟ್ಸ್ ಹರಳಿನಲ್ಲಿ ಹಾಯಿಸಿ 347 ನ್ಯಾನೊಮೀಟರಿನ ಬೆಳಕು ಪಡೆದಾಗ ಶಾಖದ ಪ್ರಶ್ನೆಯೇ ಎದ್ದಿರಲಿಲ್ಲ. ಹೊಸ ಬೆಳಕು ಎಷ್ಟು ಕ್ಷೀಣವಾಗಿತ್ತೆಂದರೆ, ಅದರ ಚುಕ್ಕೆ ಅಚ್ಚಿನಲ್ಲಿ ಕೊಳೆಯೆಂದು ಅಳಿಸಿಹೋಯಿತು ಎಂಬುದು ಪ್ರಚಲಿತ ಕಥೆ. ಇಂದು ಹಸಿರು ಬೆಳಕೇ ನೂರಾರು ವ್ಯಾಟ್ ಇರುತ್ತದೆ. ಶಾಖವೇ ಮುಖ್ಯ ತೊಡಕು.

1064ರಿಂದ 532 ನ್ಯಾನೊಮೀಟರಿಗೆ ಬದಲಿಸಲು ಹೆಚ್ಚಾಗಿ ಬಳಸುವುದು ಲಿಥಿಯಂ ಟ್ರೈಬೋರೇಟ್, ಅಂದರೆ ಎಲ್‌ಬಿಒ. ಸುಮಾರು 149 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂ ಬಣ್ಣಗಳ ವಕ್ರೀಭವನಾಂಕ ಒಂದಾಗುತ್ತದೆ, ಕಿರಣಗಳು ಪಕ್ಕಕ್ಕೆ ಸರಿಯದೆ ಜೊತೆಯಾಗಿ ಸಾಗುತ್ತವೆ. ಒಂದು ಸೆಂಟಿಮೀಟರ್ ಹರಳಿಗೆ ಸಿಗುವ ತಾಪದ ಸಲಿಗೆ, ಅಂದರೆ ಪರಿವರ್ತನೆ ಹೆಚ್ಚು ಕುಗ್ಗದೆ ತಾಪ ಏರಿಳಿಯಬಹುದಾದ ವ್ಯಾಪ್ತಿ, ಸುಮಾರು 4 ಡಿಗ್ರಿ. ಉದ್ದ ಇಮ್ಮಡಿಯಾದರೆ ಅದು ಅರ್ಧವಾಗುತ್ತದೆ.

ಹರಳನ್ನು ಕಾಯಿಸುವ ಓವನ್ನಿನ ನಿಯಂತ್ರಕ ತಾಪವನ್ನು 0.01 ಡಿಗ್ರಿಯೊಳಗೆ ಹಿಡಿದಿಡುತ್ತದೆ ಎಂಬ ಹೆಮ್ಮೆಯ ಮಾತು ಪ್ರಬಂಧಗಳಲ್ಲಿ ಆಗಾಗ ಕಾಣುತ್ತದೆ. ಆದರೆ ಸಂವೇದಕ ಕುಳಿತಿರುವುದು ಲೋಹದ ಕವಚದಲ್ಲಿ, ಬೆಳಕು ಹಾಯುವುದು ಹರಳಿನ ನಡುವೆ. ಹೀರಿಕೆಯ ಶಾಖ ಅಕ್ಷದಲ್ಲಿ ಹುಟ್ಟಿ ಹೊರಗೆ ಹರಿಯುತ್ತದೆ. ಗಾಸಿಯನ್ ಕಿರಣಕ್ಕೆ ಉಷ್ಣ ಸಮೀಕರಣ ಬಿಡಿಸಿದರೆ, ಅಕ್ಷಕ್ಕೂ ತೀವ್ರತೆ 13.5%ಕ್ಕೆ ಇಳಿಯುವ ಅಂಚಿಗೂ ಇರುವ ತಾಪಾಂತರವು ಏಕಮಾನ ಉದ್ದದಲ್ಲಿ ಹೀರಿದ ಶಕ್ತಿಯನ್ನು ಉಷ್ಣವಾಹಕತೆಯಿಂದ ಭಾಗಿಸಿದ್ದರ 0.105 ಪಟ್ಟು. ಎಲ್‌ಬಿಒ ವಾಹಕತೆಯನ್ನು ಮೀಟರಿಗೆ ಕೆಲ್ವಿನ್ನಿಗೆ 3.5 ವ್ಯಾಟ್ ಎಂದು ಹಿಡಿದರೆ, ಸೆಂಟಿಮೀಟರಿಗೆ 1 ವ್ಯಾಟ್ ಹೀರಿಕೆ ಸುಮಾರು 3 ಡಿಗ್ರಿ ತಾಪಾಂತರ ತರುತ್ತದೆ. ಸಲಿಗೆಯ ಬಹುಪಾಲು ಅಲ್ಲಿಗೇ ಖರ್ಚು.

ಈ ಸೂತ್ರದಲ್ಲಿ ಕಿರಣದ ಅಗಲವೇ ಇಲ್ಲ! ದುಂಡು ಕಿರಣವನ್ನು ಅಗಲಿಸಿದರೆ ಉಷ್ಣ ಮಸೂರದ ಬಲ ಕುಗ್ಗೀತು, ತಾಪಾಂತರ ಕುಗ್ಗದು. ಓವನ್ನಿನ ತಾಪವನ್ನು ತುಸು ಇಳಿಸಿ ಸರಾಸರಿಯನ್ನು ಸರಿದೂಗಿಸಬಹುದು. ಅಕ್ಷ ಮತ್ತು ಅಂಚು ಎರಡನ್ನೂ ಒಟ್ಟಿಗೆ ಸರಿಪಡಿಸಲಾಗದು. ತೆಳುಹರಳಿನಲ್ಲಿ ಚಪ್ಪಟೆ ಕಿರಣ ಹಾಯಿಸಿ, ಅಗಲ ಮುಖಗಳಿಂದ ಶಾಖ ತೆಗೆಯುವುದು ಇದಕ್ಕಿಂತ ಒಳ್ಳೆಯ ದಾರಿ. ಹಸಿರನ್ನು ಹೆಚ್ಚು ಹೀರುವ ಹರಳುಗಳಲ್ಲಿ ನಿರ್ಗಮನದ ತುದಿಯೇ ಹೆಚ್ಚು ಕಾಯುವುದರಿಂದ ಓವನ್ನನ್ನು ಉದ್ದಕ್ಕೆ ವಲಯಗಳಾಗಿ ವಿಭಾಗಿಸುವುದೂ ಉಪಯುಕ್ತ.

ಹಿಡಿಕೆಯ ಬಿಗಿಯನ್ನೂ ಗಮನಿಸಬೇಕು. ಎಲ್‌ಬಿಒ ಕಾದಾಗ ಒಂದು ಅಕ್ಷದಲ್ಲಿ ಹಿಗ್ಗಿ ಇನ್ನೊಂದರಲ್ಲಿ ಕುಗ್ಗುತ್ತದೆ. ಬಿಗಿಯಾಗಿ ಅದುಮಿ ಬೇಗನೆ ಬಿಸಿಮಾಡಿದರೆ ಸೀಳುತ್ತದೆ.

ಆದ್ದರಿಂದ ಪರಿವರ್ತನಾ ದಕ್ಷತೆಯನ್ನು ವರದಿ ಮಾಡುವವರು ನಿಯಂತ್ರಕದ ನಿಖರತೆಯ ಜೊತೆಗೆ ಎರಡೂ ತರಂಗಾಂತರಗಳ ಹೀರಿಕೆ ಗುಣಾಂಕವನ್ನೂ ಸಂವೇದಕದ ಸ್ಥಾನವನ್ನೂ ತಪ್ಪದೆ ದಾಖಲಿಸಬೇಕು.