ಅರ್ಲ್ ವಾರನ್: ಒಬ್ಬ ಅಟಾರ್ನಿ ಜನರಲ್‌ರ ಬಾಳು ಮತ್ತು ನಮಗೊಂದು ಪಾಠ



ನಮ್ಮ ತಾಯ್ನಾಡಿನಲ್ಲಿ ರಾಜ್ಯದ ಅಡ್ವೊಕೇಟ್ ಜನರಲ್‌ರನ್ನು ರಾಜ್ಯಪಾಲರು ನೇಮಿಸುತ್ತಾರೆ. ನಾವು ಬಂದು ನೆಲೆಸಿರುವ ಅಮೆರಿಕದಲ್ಲಾದರೋ, ಹೆಚ್ಚಿನ ರಾಜ್ಯಗಳು ತಮ್ಮ ಅಟಾರ್ನಿ ಜನರಲ್‌ರನ್ನು ಮತದಾನದಿಂದ ಆರಿಸುತ್ತವೆ. ಕಾನೂನನ್ನು ಕಾಯುವವರು ಜನರ ಒಲವನ್ನೂ ಗಳಿಸಬೇಕಾದ ಈ ಏರ್ಪಾಟಿನ ಬಲವನ್ನೂ ಅಪಾಯವನ್ನೂ ಕ್ಯಾಲಿಫೋರ್ನಿಯಾದ ಅರ್ಲ್ ವಾರನ್ನರ ಬಾಳಿನಲ್ಲಿ ಒಟ್ಟಿಗೇ ಕಾಣಬಹುದು.

ವಾರನ್ ಹುಟ್ಟಿದ್ದು 1891ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ತಂದೆ ನಾರ್ವೆಯಿಂದಲೂ ತಾಯಿ ಸ್ವೀಡನ್ನಿನಿಂದಲೂ ವಲಸೆ ಬಂದವರು. ರೈಲ್ವೆ ಕೆಲಸಗಾರನ ಮಗನಾಗಿ ಬೇಕರ್ಸ್‌ಫೀಲ್ಡಿನಲ್ಲಿ ಬೆಳೆದು, ಬರ್ಕ್ಲಿಯಲ್ಲಿ ಕಾನೂನು ಓದಿ, 1925ರಲ್ಲಿ ಅಲಮೀಡಾ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿಯಾದರು. 1938ರಲ್ಲಿ ರಿಪಬ್ಲಿಕನ್, ಡೆಮಾಕ್ರಟಿಕ್ ಎರಡೂ ಪಕ್ಷಗಳ ಉಮೇದುವಾರಿಕೆ ಗಳಿಸಿ ಅಟಾರ್ನಿ ಜನರಲ್ ಆಗಿ ಚುನಾಯಿತರಾದರು. ಅದೇ ವರ್ಷ ಅವರ ತಂದೆ ಕೊಲೆಯಾದರು. ಕೊಲೆಗಾರ ಯಾರೆಂಬುದು ಕೊನೆಗೂ ತಿಳಿಯಲಿಲ್ಲ.

1939ರಲ್ಲಿ ಅವರು ಸಾಂಟಾ ಮೋನಿಕಾದ ಕಡಲಲ್ಲಿ ಲಂಗರು ಹಾಕಿದ್ದ ಜೂಜಿನ ಹಡಗುಗಳನ್ನು ಮುಚ್ಚಿಸಿದರು. ದಡದಿಂದ ಮೂರು ಮೈಲಿಯಾಚೆ ರಾಜ್ಯದ ಕಾನೂನು ನಡೆಯದೆಂಬುದು ಹಡಗಿನವರ ವಾದ. ಇದು ತೆರೆದ ಕಡಲಲ್ಲ, ಕೊಲ್ಲಿ. ಎರಡು ಭೂಶಿರಗಳ ನಡುವೆ ಗೆರೆ ಎಳೆದು ಅಲ್ಲಿಂದ ಅಳೆಯಬೇಕೆಂಬುದು ವಾರನ್ನರ ವಾದ. ರಾಜ್ಯದ ಸುಪ್ರೀಂ ಕೋರ್ಟು ಅವರ ಮಾತನ್ನೇ ಎತ್ತಿಹಿಡಿಯಿತು.

ಆದರೆ 1942ರ ಅಧ್ಯಾಯ ಬೇರೆಯದು. ಪರ್ಲ್ ಹಾರ್ಬರ್ ದಾಳಿಯ ಬಳಿಕ ಜಪಾನೀ ವಂಶದವರ ಮೇಲೆ ಶಂಕೆ ಹಬ್ಬಿತ್ತು. ವಾರನ್ ಅವರ ಜಮೀನುಗಳ ನಕ್ಷೆಗಳನ್ನು ಸಂಗ್ರಹಿಸಿದರು. ವಿಮಾನ ನಿಲ್ದಾಣ, ವಿದ್ಯುತ್ ತಂತಿ, ರೈಲು ಹಾದಿಗಳ ಬಳಿ ಅವರ ಹೊಲಗಳಿರುವುದೇ ಅಪಾಯದ ಗುರುತೆಂದು ಫೆಬ್ರವರಿಯಲ್ಲಿ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಇದುವರೆಗೆ ಒಂದೂ ವಿಧ್ವಂಸಕ ಕೃತ್ಯ ನಡೆಯದಿರುವುದೇ ಅಶುಭಸೂಚನೆ ಎಂದೂ ವಾದಿಸಿದರು. ಇಂಥ ತರ್ಕದ ಮುಂದೆ ನಿರಪರಾಧಿಗೆ ಉತ್ತರವೆಲ್ಲಿದೆ? ಸುಮಾರು 1,20,000 ಜನರು ಮನೆಮಠ ಬಿಟ್ಟು ಶಿಬಿರಗಳಿಗೆ ಹೋಗಬೇಕಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ.

ಇದು ನಮಗೆ ದೂರದ ಕಥೆಯಲ್ಲ. ಪೌರತ್ವಕ್ಕೆ ಅರ್ಹರಲ್ಲದ ಪರದೇಶೀಯರು ಭೂಮಿ ಕೊಳ್ಳುವಂತಿಲ್ಲವೆಂದ ಕ್ಯಾಲಿಫೋರ್ನಿಯಾದ 1913ರ ಕಾಯಿದೆಯು, ಭಗತ್ ಸಿಂಗ್ ಥಿಂಡ್ ಪ್ರಕರಣದ 1923ರ ತೀರ್ಪಿನ ನಂತರ ಪಂಜಾಬಿನ ರೈತರನ್ನೂ ಕಾಡಿತ್ತು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ.

ವಾರನ್ 1943ರಲ್ಲಿ ಗವರ್ನರ್ ಆದರು. 1953ರಲ್ಲಿ ದೇಶದ ಮುಖ್ಯ ನ್ಯಾಯಾಧೀಶರಾದರು. ಮರುವರ್ಷ ಶಾಲೆಗಳಲ್ಲಿನ ವರ್ಣಭೇದ ಸಂವಿಧಾನಬಾಹಿರವೆಂಬ ತೀರ್ಪನ್ನು ಒಂಬತ್ತೂ ನ್ಯಾಯಾಧೀಶರ ಒಮ್ಮತದಿಂದ ಹೊರತಂದರು. 1967ರಲ್ಲಿ ಅಂತರ್ವರ್ಣೀಯ ವಿವಾಹದ ನಿಷೇಧವನ್ನು ತೊಡೆದುಹಾಕಿದ ತೀರ್ಪನ್ನು ಬರೆದವರೂ ಅವರೇ. 1974ರಲ್ಲಿ ತೀರಿಕೊಂಡ ಅವರ ಆತ್ಮಕಥೆ 1977ರಲ್ಲಿ ಪ್ರಕಟವಾಯಿತು. 1942ರ ತಮ್ಮ ಸಾಕ್ಷ್ಯಕ್ಕಾಗಿ ಅವರು ಅದರಲ್ಲಿ ಆಳವಾದ ವಿಷಾದ ಸೂಚಿಸಿದ್ದಾರೆ. ದೇಶವು 1988ರ ಕಾಯಿದೆಯ ಮೂಲಕ ಕ್ಷಮೆ ಕೋರಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ನೀಡಿತು.

ಒಬ್ಬರೇ ವ್ಯಕ್ತಿಯ ಕೈಯಿಂದ ಅನ್ಯಾಯವೂ ನಡೆಯಿತು, ಮಹಾನ್ಯಾಯವೂ ದೊರೆಯಿತು. ಭೀತಿಯ ಕಾಲದಲ್ಲಿ ಬಹುಮತದ ಕೂಗಿಗೆ ಕಾನೂನು ತಲೆಬಾಗಿದರೆ ಮೊದಲು ನೋಯುವವರು ಹೊಸದಾಗಿ ಬಂದವರು. ಆದುದರಿಂದ ಈ ನೆಲದಲ್ಲಿ ಬೇರೂರುತ್ತಿರುವ ನಾವು ಅಟಾರ್ನಿ ಜನರಲ್‌ರ ಚುನಾವಣೆಯನ್ನು ಮತಪತ್ರದ ಮೂಲೆಯ ಸಾಲೆಂದು ಉಪೇಕ್ಷಿಸದಿರೋಣ. ನಮ್ಮ ಮಕ್ಕಳಿಗೂ ಈ ಇತಿಹಾಸವನ್ನು ತಿಳಿಸೋಣ.